ವೋರ್ಷಾಳ ಮದುವೆ ದಿಂಬು

ಬೂದಿ ಬುಧವಾರದ ಬೆಳಗ್ಗೆ ವೋರ್ಷಾ ಹಾಸಿಗೆಯಿಂದ ಎದ್ದು ಕೂತಾಗ ಕತ್ತು ಎಡಕ್ಕೆ ತಿರುಗಲಿಲ್ಲ. ಬಲಕ್ಕೂ ಅಷ್ಟಕ್ಕಷ್ಟೇ. ಅಂಗಳದಲ್ಲಿ ಗಂಡ ಮೆರ್ಚಿನ್ ಕೋಳಿಗಳಿಗೆ ಕಾಳು ಚೆಲ್ಲುವುದನ್ನು ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಬಲ ಹೆಗಲಿನಿಂದ ಕಿವಿಯ ಹಿಂಭಾಗದವರೆಗೆ ಯಾರೋ ಹಗ್ಗ ಬಿಗಿದು ಕಟ್ಟಿದ ಹಾಗೆ ಒಂದೇ ಎಳೆತ. ಆಗಬೇಕಾದ್ದು ಇವತ್ತೇ ಆಗಬೇಕಿತ್ತೇ ಎಂದು ಅವಳಿಗೆ ಅಳುವೇ ಬಂತು.

ಇವತ್ತೇ ಯಾಕೆಂದರೆ, ಅಲ್ಲಿಂದ ಈಸ್ಟರ್ ಹಬ್ಬಕ್ಕೆ ಉಳಿಯುವುದು ಆರೂವರೆ ವಾರ. ಜರ್ಮನಿಯ ಪೂರ್ವದಂಚಿನಲ್ಲಿರುವ ನಮ್ಮ ಸೋರ್ಬ್ ಜನರ ಹಳ್ಳಿಗಳಲ್ಲಿ ಆ ಆರೂವರೆ ವಾರ ಕೈ ನಡುಗದ ಹೆಂಗಸರೆಲ್ಲ ಮೊಟ್ಟೆಗೆ ಚಿತ್ತಾರ ಬರೆಯುತ್ತಾರೆ. ಹೆಬ್ಬಾತಿನ ಗರಿಯ ತುದಿಯನ್ನು ಮೂರು ಮೂಲೆಯಾಗಿ ಕತ್ತರಿಸಿ, ಬಿಸಿ ಮೇಣದಲ್ಲಿ ಅದ್ದಿ, ಮೊಟ್ಟೆಯ ಮೇಲೆ ಒಂದೊಂದೇ ಗುರುತು ಒತ್ತಿ, ಆಮೇಲೆ ಬಣ್ಣದಲ್ಲಿ ಮುಳುಗಿಸುವುದು. ಒಂದು ಮೊಟ್ಟೆಗೆ ಮೂರು ಗಂಟೆ ತಲೆ ಬಗ್ಗಿಸಿ ಕೂರಬೇಕು. ಬ್ರೆಜಿಂಕಾ ಊರಿನಲ್ಲಿ ವೋರ್ಷಾಳಷ್ಟು ಸಣ್ಣಗೆ ತೋಳನ ಹಲ್ಲು ಎನ್ನುವ ಮೂರು ಮೂಲೆಯ ಗುರುತುಗಳ ಸಾಲು ಬರೆಯುವವರು ಇನ್ನೊಬ್ಬರಿರಲಿಲ್ಲ. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಊರೂ ಒಪ್ಪುತ್ತಿತ್ತು.

ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಾಯಿ, ಆ ಮಗು ಶಾಲೆಯ ದೊಡ್ಡ ತರಗತಿಗೆ ಹೋಗುವವರೆಗೆ ಪ್ರತಿ ಈಸ್ಟರ್‌ಗೂ ಮೂರು ಚಿತ್ತಾರದ ಮೊಟ್ಟೆ ಕೊಡಬೇಕು. ಕೊನೆಯ ವರ್ಷ ಆರು ಕೊಡಬೇಕು. ಆ ಆರು ಮೊಟ್ಟೆ ಗಾಜಿನ ಕಪಾಟಿನಲ್ಲಿ ಕೂತು ಆ ಮಗುವಿನ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತವೆ. ವೋರ್ಷಾಳ ಕೊನೆಯ ಧರ್ಮಮಗಳು ಪಕ್ಕದ ಮನೆಯ ಲುಬಿನಾ. ಅವಳಿಗೆ ಇದೇ ಕೊನೆಯ ವರ್ಷ. ಅಂಗಡಿಯಲ್ಲಿ ಕೊಂಡ ಮೊಟ್ಟೆ ಕೊಟ್ಟರೆ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ನಿಜ. ನಮ್ಮೂರಲ್ಲಿ ಬಾಯಿಬಿಡದೆ ಅನ್ನುವುದೇ ಹೆಚ್ಚು.

ವೋರ್ಷಾ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ದಿನಕ್ಕೆ ನೂರಿಪ್ಪತ್ತು ಮಕ್ಕಳಿಗೆ ಆಲೂಗಡ್ಡೆ ಸಿಪ್ಪೆ ತೆಗೆದ ಕತ್ತು ಅದು. ಆಗೆಲ್ಲ ನೋವೆಂದರೆ ಏನೆಂದೇ ಗೊತ್ತಿರಲಿಲ್ಲ. ಕೆಲಸದಿಂದ ನಿವೃತ್ತಳಾಗಿ, ಇನ್ನು ಹಾಯಾಗಿ ಮೊಟ್ಟೆ ಬರೆಯೋಣ ಎಂದು ಕೂತ ಮೇಲೆ ಶುರುವಾಯಿತು. ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುತ್ತಾರಲ್ಲ, ಹಾಗೆ.

ಬುಡಿಶಿನ್ ಪಟ್ಟಣದಲ್ಲಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಮಗಳು ಮದ್ಲೆನಾ ಬಂದು, ಅಮ್ಮನನ್ನು ಕತ್ತು-ಬೆನ್ನಿನ ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಕರೆದೊಯ್ದಳು. ಆ ಹುಡುಗಿ ವೋರ್ಷಾಳ ಹೆಗಲನ್ನು ಒತ್ತಿ, ತಿರುಗಿಸಿ, ಕೊನೆಗೆ ಎಂಥಾ ದಿಂಬು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದಳು. ವೋರ್ಷಾ ಉತ್ತರ ಕೊಡುವ ಮೊದಲೇ ಮದ್ಲೆನಾ ತನ್ನ ಎರಡೂ ಕೈಯನ್ನು ಅಗಲಿಸಿ ಅದರ ಉದ್ದಗಲ ತೋರಿಸಿದಳು, ಆಮೇಲೆ ಮೇಲಕ್ಕೆತ್ತಿ ಎತ್ತರ ತೋರಿಸಿದಳು. ಹುಡುಗಿಗೆ ನಗು ತಡೆಯಲಾಗಲಿಲ್ಲ. ನೀವು ಮಗ್ಗುಲಾಗಿ ಮಲಗುವವರು, ಕಿವಿಗೂ ಹೆಗಲಿಗೂ ನಡುವಿನ ಸಂದು ತುಂಬಿದರೆ ಸಾಕು, ಮೂಗು ಎದೆಯ ನೇರಕ್ಕೇ ಇರಬೇಕು, ನೀವು ಮಲಗುವುದಲ್ಲ, ರಾತ್ರಿಯಿಡೀ ಮೆಟ್ಟಿಲು ಹತ್ತುತ್ತಿದ್ದೀರಿ ಎಂದಳು. ಮೊದಲು ಆ ದಿಂಬು ಬದಲಾಯಿಸಿ, ಇಲ್ಲದಿದ್ದರೆ ನನ್ನ ಯಾವ ವ್ಯಾಯಾಮವೂ ನಾಟುವುದಿಲ್ಲ ಎಂದೂ ಸೇರಿಸಿದಳು.

ವೋರ್ಷಾಗೆ ಅದು ಹಿಡಿಸಲಿಲ್ಲ. ಏಕೆಂದರೆ ಅದು ಬರೀ ದಿಂಬಲ್ಲ.

ನಲವತ್ಮೂರು ವರ್ಷದ ಹಿಂದೆ, ಅವಳ ಮದುವೆಗೆ ಎರಡು ದಿನ ಮುಂಚೆ, ತವರುಮನೆಯಿಂದ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಗಾಡಿಯಲ್ಲಿ ಅವಳ ಸಾಮಾನು ಬ್ರೆಜಿಂಕಾಗೆ ಬಂತು. ಬೀರು, ಹೊಲಿಗೆ ಯಂತ್ರ, ಹನ್ನೆರಡು ಜೊತೆ ಹಾಸು, ಎಲ್ಲದರ ಮೇಲೆ ಸಿಂಗರಿಸಿದ ಹಾಸಿಗೆ. ಹಾಸಿಗೆಯ ನೆತ್ತಿಯಲ್ಲಿ ಚೌಕನೆಯ ಬಿಳಿ ದಿಂಬು, ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿಕೊಂಡು. ನಮ್ಮಲ್ಲಿ ಹೆಣ್ಣಿನ ಮನೆಯ ಮಾನ ಅಳೆಯುವುದು ಆ ದಿಂಬಿನಿಂದ. ಊರ ಹೆಂಗಸರೆಲ್ಲ ಗಾಡಿಯ ಸುತ್ತ ನಿಂತಿದ್ದರು. ಮೆರ್ಚಿನ್‌ನ ತಾಯಿ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ಮುಷ್ಟಿ ಕಟ್ಟಿ ದಿಂಬಿನ ನಟ್ಟನಡುವೆ ಒತ್ತಿದಳು. ಮುಷ್ಟಿ ಒಳಗಿಳಿಯಲಿಲ್ಲ. "ಹೂಂ, ದಿಂಬು ಅಂದ್ರೆ ಇದು" ಎಂದಳು. ಆ ಹೆಂಗಸು ಜೀವಮಾನದಲ್ಲಿ ಯಾರನ್ನಾದರೂ ಹೊಗಳಿದ್ದು ವೋರ್ಷಾಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ವೋರ್ಷಾಳ ತಾಯಿ ಕಟಿರ್ಜಿನಾ ಗಂಡ ಸತ್ತ ಹೆಂಗಸು. ಹಾಲಿನ ಡೈರಿಯಲ್ಲಿ ಕ್ಯಾನು ತೊಳೆದು ಮಗಳನ್ನು ಬೆಳೆಸಿದವಳು. ಅಂಥವಳ ಮನೆಯಿಂದ ಅಂಥ ದಿಂಬು ಬಂದಿದ್ದು ಬಹಳ ದಿನ ಊರಿನ ಮಾತಾಯಿತು. ಸಾಮಾನಿನ ಗಾಡಿ ಹೊರಡುವ ಹೊತ್ತಿನಲ್ಲಿ ತಾಯಿ ಮಗಳನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದಳು. "ಈ ದಿಂಬನ್ನ ಯಾವತ್ತೂ ಬಿಚ್ಚಬೇಡ ಮಗಳೇ. ಬಿಚ್ಚಿದ್ರೆ ಮನೆಗೆ ಒಳ್ಳೇದಲ್ಲ." ವೋರ್ಷಾ ಆ ಮಾತನ್ನು ಬೈಬಲ್ಲಿನ ಮಾತಿನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು. ಮೇಲುಚೀಲ ವಾರಕ್ಕೊಮ್ಮೆ ಒಗೆದಳು, ದಿಂಬನ್ನು ದಿನಾ ಬೆಳಗ್ಗೆ ಕಿಟಕಿಗೆ ಒರಗಿಸಿ ಗಾಳಿಗಿಟ್ಟಳು, ನಡುವೆ ಅಂಗೈ ಬದಿಯಿಂದ ಒಂದು ಏಟು ಕೊಟ್ಟು ಮೇಲಿನ ಎರಡು ಮೂಲೆಗಳನ್ನು ಕಿವಿಯಂತೆ ನಿಲ್ಲಿಸಿದಳು. ಬಿಚ್ಚಲಿಲ್ಲ. ಅದರ ನಡುವೆ ಏನೋ ಗಟ್ಟಿಯಾಗಿದೆ ಎಂದು ಮೆರ್ಚಿನ್ ಒಂದೆರಡು ಸಲ ಹೇಳಿದ್ದುಂಟು. ನಮ್ಮಮ್ಮ ತುಂಬಿದ್ದು ಹಾಗೆ, ಒತ್ತೊತ್ತಾಗಿ, ನಿಮ್ಮ ಕಡೆಯವರ ಹಾಗೆ ಗಾಳಿ ತುಂಬಿ ಕೊಟ್ಟಿದ್ದಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಮತ್ತೆ ಆ ದಿಂಬಿನೊಳಗಿನ ಗರಿಗಳ ನೆನಪು ಬೇರೆ. ಚಳಿಗಾಲದ ಸಂಜೆಗಳಲ್ಲಿ ತಾಯಿಯ ಅಡುಗೆಮನೆಯ ಉದ್ದನೆಯ ಮೇಜಿನ ಸುತ್ತ ಎಂಟು ಹತ್ತು ಹೆಂಗಸರು ಕೂತು ಹೆಬ್ಬಾತಿನ ಗರಿ ಬಿಡಿಸುತ್ತಿದ್ದರು. ನಡುಕಡ್ಡಿ ಒಂದು ಕಡೆ, ಮೆತ್ತನೆಯ ಎಳೆ ಇನ್ನೊಂದು ಕಡೆ. ಬಾಗಿಲು ತೆರೆಯುವಂತಿಲ್ಲ, ಸೀನುವಂತಿಲ್ಲ, ಜೋರಾಗಿ ನಗುವಂತಿಲ್ಲ. ನಗಬಾರದೆಂದ ಕಡೆಯೇ ನಗು ಬರುವುದು. ಊರ ದೆವ್ವದ ಕತೆ, ಪಾದ್ರಿಯ ಮನೆಯ ಅಡುಗೆಯವಳ ಕತೆ, ಎಲ್ಲ ಅಲ್ಲೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಥದೇ ಒಂದು ಸಂಜೆ, ಪಕ್ಕದೂರಿನ ಪೋಲಿ ಹುಡುಗರು ಕಿಟಕಿ ಸಂದಿಯಿಂದ ಒಳಕ್ಕೆ ಗುಬ್ಬಚ್ಚಿಯೊಂದನ್ನು ಬಿಟ್ಟುಬಿಟ್ಟರು. ಗುಬ್ಬಿ ದೀಪಕ್ಕೆ ಸುತ್ತು ಹೊಡೆಯಿತು. ಮೂರು ವಾರದ ಕೆಲಸ ಸೂರಿಗೆ ಹಾರಿತು. ತಾಯಿ ಪೊರಕೆ ಹಿಡಿದು ಹೊರಗೋಡಿದಳು. ಮಿಕ್ಕವರೆಲ್ಲ ಬೇಲಿ ಹಾರಿದರು, ಹಾರಲಾಗದ ಒಬ್ಬ ಸಿಕ್ಕಿಬಿದ್ದ. ಅವನನ್ನು ಕಿವಿ ಹಿಡಿದು ಒಳತಂದು, ಮೇಜಿನ ಮುಂದೆ ಕೂರಿಸಿ, ಹಬ್ಬದವರೆಗೆ ಪ್ರತಿ ಸಂಜೆ ಬಂದು ಗರಿ ಬಿಡಿಸುವ ಶಿಕ್ಷೆ ಹಾಕಿದಳು. ಅವನೇ ಮೆರ್ಚಿನ್. ಶಿಕ್ಷೆ ಇವತ್ತಿಗೂ ಮುಗಿದಿಲ್ಲ ಎಂದು ಅವನು ಎಲ್ಲರ ಮುಂದೆ ಹೇಳುತ್ತಾನೆ.

ಈ ದಿಂಬನ್ನು ಬಿಡು ಎಂದರೆ ವೋರ್ಷಾ ಏನನ್ನು ಬಿಡಬೇಕು? ಅವಳು ತಲೆಯಿಟ್ಟು ಮಲಗುತ್ತಿದ್ದದ್ದು ಅದರ ಮೇಲೆಯೇ ಆದರೂ ನಿಜವಾಗಿ ಮಲಗುತ್ತಿದ್ದದ್ದು ಆ ಅಡುಗೆಮನೆಯಲ್ಲಿ.

ಆದರೂ ಮದ್ಲೆನಾ ಬಿಡಲಿಲ್ಲ. ಶನಿವಾರ ಬುಡಿಶಿನ್‌ನ ಹಾಸಿಗೆ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಹೆಂಗಸು ಟೇಪು ಹಿಡಿದು ವೋರ್ಷಾಳ ಹೆಗಲಿನ ತುದಿಯಿಂದ ಕತ್ತಿನವರೆಗೆ ಅಳೆದಳು. ಶವಪೆಟ್ಟಿಗೆಗೂ ಇಷ್ಟು ಅಳತೆ ತೆಗೆಯುವುದಿಲ್ಲ ಎಂದು ವೋರ್ಷಾ ಗೊಣಗಿದಳು. ಆಮೇಲೆ ಬೂಟಿನ ಕೆಳಗೆ ಪ್ಲಾಸ್ಟಿಕ್ ಹಾಸಿದ ಮಂಚದ ಮೇಲೆ, ಕೋಟು ಸಮೇತ, ಹೋಗಿಬರುವವರ ಎದುರಿಗೇ ಮಗ್ಗುಲಾಗಿ ಮಲಗಿಸಿದರು. ಒಂದು ದಿಂಬು ಹುದುಗು ಬಂದ ಹಿಟ್ಟಿನ ಹಾಗೆ, ಒತ್ತಿದ ಗುರುತು ಹಾಗೇ ಉಳಿಯಿತು. ಇನ್ನೊಂದರ ಹೊಟ್ಟೆಯಲ್ಲಿ ನೀರು, ತಲೆ ಅಲುಗಿದರೆ ಗುಳುಗುಳು ಶಬ್ದ. ಮತ್ತೊಂದಕ್ಕೆ ಕತ್ತಿನ ಕೆಳಗೆ ದಿಣ್ಣೆ, ತಲೆಗೆ ತಗ್ಗು. ಕೊನೆಯದರಲ್ಲಿ ಗೋಧಿಯ ಹೊಟ್ಟು ತುಂಬಿತ್ತು. ಕೈಯಾಡಿಸಿದರೆ ಸರಸರ ಅನ್ನುತ್ತಿತ್ತು. ಕತ್ತುನೋವಿನವರು ಈಗ ಹೆಚ್ಚಾಗಿ ಇದನ್ನೇ ಒಯ್ಯುತ್ತಾರೆ, ಬೇಕಾದಷ್ಟು ಹೊಟ್ಟು ತೆಗೆದು ಎತ್ತರ ಸರಿಮಾಡಿಕೊಳ್ಳಬಹುದು ಎಂದು ಅಂಗಡಿಯವಳು ಹೇಳಿದಳು.

ಹೊಟ್ಟು ಎಂದ ಕೂಡಲೇ ವೋರ್ಷಾಗೆ ತನ್ನ ಹಳೇ ಕತೆ ಬಾಯಿಗೆ ಬಂತು. ಬಂಧುಬಳಗದಲ್ಲಿ ಕೇಳದವರಿಲ್ಲ. ಮದುವೆಯಾಗಿ ಮೊದಲ ಸಲ ತವರಿಗೆ ಹೋದಾಗ ತಾಯಿಯ ಮಂಚದ ಮೇಲೆ ದಿಂಬಿನ ಬದಲು ಓಟ್ಸ್ ಹೊಟ್ಟು ತುಂಬಿದ ಗೋಣಿಯಂಥದೊಂದು ಇತ್ತು. ಇದೇನಮ್ಮಾ ಎಂದರೆ, ಗರಿಯ ದಿಂಬಿನಿಂದ ತಲೆ ಕಾಯುತ್ತದೆ, ನನಗೆ ಇದೇ ತಂಪು ಅಂದಳಂತೆ. ಸಾಯುವವರೆಗೆ ಹತ್ತೊಂಬತ್ತು ವರ್ಷ ಅದರ ಮೇಲೆಯೇ ಮಲಗಿದಳು. "ನಮ್ಮಮ್ಮ ಕುದುರೆ ಮೇವಿನ ಮೇಲೆ ಮಲಗ್ತಿದ್ಲು. ರಾತ್ರಿ ಹೊರಳಿದ್ರೆ ಲಾಯದ ಸದ್ದು" ಎಂದು ಹೇಳಿ ವೋರ್ಷಾ ತಾನೇ ನಕ್ಕಳು. ಅಂಗಡಿಯವಳು ನಗಲಿಲ್ಲ. ಪಾಪ, ನಿಮ್ಮ ತಾಯಿಗೂ ಕತ್ತುನೋವಿತ್ತೇನೋ ಅಂದಳು. ವೋರ್ಷಾ ಆ ಕಡೆ ಯೋಚಿಸಿಯೇ ಇರಲಿಲ್ಲ. ಇಲ್ಲ, ಜಿಪುಣಿ ಅಷ್ಟೆ ಎಂದು ಮಾತು ತೇಲಿಸಿದಳು.

ಕೊನೆಗೆ ಹಿಟ್ಟಿನಂಥದ್ದನ್ನು ಕೊಂಡು ತಂದರು. ಅದಕ್ಕೆ ಹೊಂದುವ ಚೀಲ ಮನೆಯಲ್ಲಿರಲಿಲ್ಲ. ತಾಯಿ ಕಸೂತಿಯಲ್ಲಿ ಮಗಳ ಹೆಸರಿನಕ್ಷರ ಹಾಕಿಕೊಟ್ಟ ಹನ್ನೆರಡು ಚೀಲಗಳೂ ದೊಡ್ಡ ಚೌಕದವು. ಅದರೊಳಗೆ ಈ ಸಣ್ಣ ದಿಂಬು ಹೊಕ್ಕರೆ ಗೋಣಿಯೊಳಗೆ ಬೆಕ್ಕು ಕೂತ ಹಾಗೆ ಮೂಲೆಯಿಂದ ಮೂಲೆಗೆ ಓಡಾಡುತ್ತಿತ್ತು. ಔಷಧಿ ಅಂಗಡಿಯ ವಾಸನೆ. ಬೆವರು. ಐದನೆಯ ದಿನ ವೋರ್ಷಾ ಅದನ್ನು ಪೆಟ್ಟಿಗೆಗೆ ತುರುಕಿ ಮತ್ತೆ ಮದುವೆ ದಿಂಬನ್ನೇ ಇಟ್ಟುಕೊಂಡಳು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ನಿನ್ನಂಥವರನ್ನು ನೋಡಿಯೇ ಎಂದು ಮೆರ್ಚಿನ್ ಹೇಳಿ ನೋಡಿದ. ಅವಳು ತಿರುಗಿ ಗುರಾಯಿಸಬೇಕೆಂದುಕೊಂಡಳು, ಕತ್ತು ತಿರುಗಲಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೂರನೆಯ ಭಾನುವಾರ ಪೂಜೆ ಮುಗಿಸಿ ಇಬ್ಬರೂ ಪಕ್ಕದೂರಿನ ಹಾಂಜ ಚಿಕ್ಕಮ್ಮನ ಮನೆಗೆ ಕಾಫಿಗೆ ಹೋದರು. ಕಟಿರ್ಜಿನಾಳ ತಂಗಿ, ಎಂಬತ್ತೇಳು ವರ್ಷ. ಮಗನ ಮನೆಯಲ್ಲಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಎರಡು ಊರಿನ ಸುದ್ದಿಯನ್ನೂ ಆಳುತ್ತಿದ್ದವಳು. ವೋರ್ಷಾ ಇಡೀ ಮೈ ತಿರುಗಿಸಿ ಸಕ್ಕರೆ ಡಬ್ಬಿಗೆ ಕೈ ಚಾಚಿದ್ದನ್ನು ನೋಡಿ ಏನಾಯಿತೆಂದು ಕೇಳಿದಳು. ವೋರ್ಷಾ ಎಲ್ಲ ಹೇಳಿದಳು. ವ್ಯಾಯಾಮದ ಹುಡುಗಿ, ಅಂಗಡಿ, ಹಿಟ್ಟಿನ ದಿಂಬು, ಲುಬಿನಾಳ ಆರು ಮೊಟ್ಟೆಯಲ್ಲಿ ಒಂದೂ ಮುಗಿಯದೇ ಇರುವುದು.

"ಈಗ ಯಾವ ದಿಂಬಲ್ಲಿ ಮಲಗ್ತಿದೀಯ?"

"ಇನ್ಯಾವುದು ಚಿಕ್ಕಮ್ಮ, ಅಮ್ಮ ಕೊಟ್ಟಿದ್ದೇ. ಮದುವೆ ದಿಂಬು."

ಚಿಕ್ಕಮ್ಮ ಕಾಫಿ ಬಟ್ಟಲು ಕೆಳಗಿಟ್ಟಳು. "ಅದರ ಮೇಲೆ ಮಲಗ್ತಿದೀಯಾ? ಮದುವೆ ಆದಾಗಿಂದ?"

"ಮತ್ತೆ?"

"ಅಯ್ಯೋ ಪೆದ್ದಿ. ಅದು ಗಾಡಿ ಮೇಲೆ ಇಡೋಕೆ ತುಂಬಿದ್ದು ಕಣೆ, ತಲೆ ಕೆಳಗೆ ಇಡೋಕಲ್ಲ. ಗಾಡಿ ಇಳಿಸಿ, ಊರೆಲ್ಲ ನೋಡಿ ಆದ್ಮೇಲೆ ಬಿಚ್ಚಿ ಅದರಲ್ಲಿ ಎರಡು ಮೂರು ದಿಂಬು ಮಾಡ್ಕೋತಾರೆ. ನಾವೆಲ್ಲ ಹಂಗೇ ಮಾಡಿದ್ದು. ನಿಮ್ಮತ್ತೆ ಹೇಳ್ಲಿಲ್ವಾ?"

ಅತ್ತೆ ಹೇಳಿರಲಿಲ್ಲ. ಆ ದಿಂಬಿನ ಬಗ್ಗೆ ಒಂದು ಸಲ ಹೊಗಳಿದ ಮೇಲೆ ಅವಳು ಮತ್ತೆ ಬಾಯಿ ಬಿಟ್ಟಿರಲಿಲ್ಲ. ಮೆರ್ಚಿನ್ ಒಳಗೊಳಗೇ ನಗುತ್ತಿದ್ದ. ನಲವತ್ಮೂರು ವರ್ಷ ಹೆಂಡತಿ ಪ್ರದರ್ಶನದ ಸಾಮಾನಿನ ಮೇಲೆ ಮಲಗಿದ್ದಳೆಂದರೆ ಅವನಿಗೆ ಈಸ್ಟರ್‌ವರೆಗೆ ಸಾಕಾಗುವಷ್ಟು ಸರಕು. ವೋರ್ಷಾಗೆ ಮಾತ್ರ ಮುಖ ಕೆಂಪಾಯಿತು.

"ಅಮ್ಮನೇ ಬಿಚ್ಚಬೇಡ ಅಂದಿದ್ದು ಚಿಕ್ಕಮ್ಮ. ಬಿಚ್ಚಿದ್ರೆ ಮನೆಗೆ ಒಳ್ಳೇದಲ್ಲ ಅಂದ್ಲು."

ಅದನ್ನು ಕೇಳಿದ್ದೇ ಮುದುಕಿಯ ಮುಖದ ನಗು ಹೋಯಿತು. ಒಲೆಗೆ ಒಂದು ಕೊರಡು ತಳ್ಳಿದಳು. ಆಮೇಲೆ ಮೆಲ್ಲಗೆ, ಕಟಿರ್ಜಿನಾ ಹಾಗೆ ಹೇಳಿದ್ದು ತನಗೆ ಗೊತ್ತಿರಲಿಲ್ಲ, ಹೇಳಿರುತ್ತಾಳೆ, ಅವಳು ಹಾಗೆಯೇ, ಎಂದಳು. ಬಿಚ್ಚು, ಆದರೆ ಒಬ್ಬಳೇ ಬಿಚ್ಚಬೇಡ, ನಾನು ಬಂದ ಮೇಲೆಯೇ ಬಿಚ್ಚಬೇಕು ಎಂದಳು. ಯಾಕೆಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಮನೆಗೆ ಬಂದ ವೋರ್ಷಾ ಬಿಚ್ಚುವುದಿಲ್ಲ ಎಂದು ತೀರ್ಮಾನಿಸಿದಳು. ತಾಯಿಯ ಮಾತು ತಾಯಿಯ ಮಾತೇ. ನೋವನ್ನು ಹಲ್ಲುಕಚ್ಚಿ ಸಹಿಸಿಕೊಂಡು ಸೋಮವಾರದಿಂದ ಮೊಟ್ಟೆಗೆ ಕೂತಳು. ಮೇಣದ ಚಮಚದ ಕೆಳಗೆ ದೀಪ, ಎಡಗೈಯಲ್ಲಿ ಮೊಟ್ಟೆ, ಬಲಗೈಯಲ್ಲಿ ಗರಿ. ಹತ್ತು ನಿಮಿಷಕ್ಕೆ ಹೆಗಲು ಉರಿಯತೊಡಗಿತು, ಇಪ್ಪತ್ತು ನಿಮಿಷಕ್ಕೆ ಬೆರಳಿನ ತುದಿ ಜೋಮು ಹಿಡಿಯಿತು. ಬುಧವಾರ ಹೇಗೋ ಒಂದು ಮೊಟ್ಟೆ ಮುಗಿಯಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ತೋಳನ ಹಲ್ಲಿನ ಸಾಲು ಕುಡುಕ ನಡೆದ ದಾರಿಯಂತೆ ಸೊಟ್ಟಗಿತ್ತು. ತೋಳನ ಹಲ್ಲು ಕೆಟ್ಟದ್ದನ್ನು ಹತ್ತಿರ ಬಿಡದೆ ಕಾಯುತ್ತದೆ ಎಂಬುದು ನಮ್ಮವರ ನಂಬಿಕೆ. ಉದುರಿದ ಹಲ್ಲಿನ ತೋಳ ಯಾರನ್ನು ಕಾಯುತ್ತದೆ? ಇದನ್ನು ಲುಬಿನಾಳ ಕೈಗೆ ಕೊಡುವುದು ಹೇಗೆ ಎಂದು ಅವಳು ಆ ಮೊಟ್ಟೆಯನ್ನು ಬೇರೆಯಾಗಿ ತೆಗೆದಿಟ್ಟಳು. ಸತ್ತವರ ಮಾತೋ ಬದುಕಿರುವ ಮಗುವಿನ ಮೊಟ್ಟೆಯೋ ಎಂದು ಬಂದಾಗ ಅಮ್ಮ ಏನನ್ನುತ್ತಿದ್ದಳು ಎಂದು ಯೋಚಿಸಿದಳು. ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಎದ್ದು ಹೋಗಿ ಚಿಕ್ಕಮ್ಮನಿಗೆ ಫೋನು ಮಾಡಿದಳು.

ಶನಿವಾರ ಮಧ್ಯಾಹ್ನ ಮಗನ ಕಾರಿನಲ್ಲಿ ಚಿಕ್ಕಮ್ಮ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು. ಮಲಗುವ ಕೋಣೆಯ ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಚಾಪೆ ಒತ್ತಿ, ನೆಲದ ಮೇಲೆ ಬಿಳಿ ಹಾಸು ಹಾಸಿದರು. ಮೆರ್ಚಿನ್‌ಗೆ ಒಳಗೆ ಬರುವಂತಿಲ್ಲ ಎಂದು ಅಪ್ಪಣೆಯಾಯಿತು. "ಗುಬ್ಬಿ ತರಬೇಡಪ್ಪ ಈ ಸಲ" ಎಂದು ಚಿಕ್ಕಮ್ಮ ಒಳಗಿನಿಂದ ಕೂಗಿದಳು. ತನ್ನ ವಯಸ್ಸಿಗೆ ಇನ್ನು ಬೇಲಿ ಹಾರಲಾಗುವುದಿಲ್ಲ ಎಂದು ಅವನು ಆಚೆಯಿಂದ ಉತ್ತರ ಕೊಟ್ಟ.

ತಾಯಿಯ ಹೊಲಿಗೆ ಮೇಣ ಸವರಿದ ದಾರದ್ದು. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ವೋರ್ಷಾ ಸಣ್ಣ ಕತ್ತರಿಯಿಂದ ಒಂದೊಂದನ್ನೇ ಬಿಡಿಸಿದಳು. ಅಂಚು ಬಾಯಿ ಬಿಟ್ಟ ಕೂಡಲೇ ಹಳೆಯ ಅಡುಗೆಮನೆಯ ವಾಸನೆ ಬಂತು, ಒಣಗಿದ ಧೂಳಿನದು, ಸ್ವಲ್ಪ ಹೊಗೆಯದು. ಅಥವಾ ಹಾಗೆಂದು ಅವಳಿಗೆ ಅನ್ನಿಸಿತು. ಮೊದಲು ಬಂದದ್ದು ಬಿಳಿಯ ಮೆತ್ತನೆಯ ತುಪ್ಪುಳು. ಹಿಡಿಹಿಡಿಯಾಗಿ ತೆಗೆದು ಚೀಲಕ್ಕೆ ತುಂಬಿದರು. ಅದು ಒಂದು ಗೇಣಿನಷ್ಟು ಆಳಕ್ಕೆ ಮಾತ್ರ ಇತ್ತು. ಆಮೇಲೆ ವೋರ್ಷಾಳ ಕೈಗೆ ಬಟ್ಟೆ ತಾಗಿತು.

ಎಳೆದು ತೆಗೆದಳು. ಒಳಗೆ ಇನ್ನೊಂದು ದಿಂಬು. ಸಣ್ಣದು, ತೆಳುವಾದದ್ದು, ಕೆಂಪು ಗೆರೆಯ ಬಟ್ಟೆ ಮಾಸಿ ತಿಳಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಮೂಲೆಯಲ್ಲಿ ನೀಲಿ ದಾರದ ಕಸೂತಿಯಲ್ಲಿ ಕಟಿರ್ಜಿನಾಳ ಹೆಸರಿನ ಮೊದಲ ಅಕ್ಷರ. ನಡುವೆ ತಲೆಯಿಟ್ಟು ತಲೆಯಿಟ್ಟು ಬಿದ್ದ ತಗ್ಗು ಇನ್ನೂ ಹಾಗೇ ಇತ್ತು.

ವೋರ್ಷಾಗೆ ಆ ದಿಂಬು ಗೊತ್ತಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಅದರ ಮೇಲೆಯೇ ಅಮ್ಮ ಅವಳನ್ನು ಮಲಗಿಸಿಕೊಳ್ಳುತ್ತಿದ್ದಳು. ಅದು ಎಲ್ಲಿ ಹೋಯಿತೆಂದು ಅವಳು ಯಾವತ್ತೂ ಕೇಳಿರಲಿಲ್ಲ.

"ನಿನ್ನ ಮದುವೆ ವರ್ಷ ಹೆಬ್ಬಾತಿಗೆ ರೋಗ ಬಂತು" ಎಂದಳು ಚಿಕ್ಕಮ್ಮ. ಮಾತನ್ನು ಮೊದಲೇ ಜೋಡಿಸಿಟ್ಟುಕೊಂಡು ಬಂದವಳ ಹಾಗೆ ನಿಧಾನವಾಗಿ ಹೇಳಿದಳು. "ಇಪ್ಪತ್ತೆರಡರಲ್ಲಿ ಮೂರು ಉಳಿದ್ವು. ಊರಲ್ಲಿ ಎಲ್ಲರದ್ದೂ ಅದೇ ಗತಿ, ಕೇಳೋಕೂ ಯಾರಿಲ್ಲ. ನಿಮ್ಮತ್ತೆ ಮುಷ್ಟಿ ಒತ್ತಿ ನೋಡೋಳು ಅಂತ ಇಡೀ ಸೀಮೆಗೆ ಗೊತ್ತಿತ್ತು. ಅಪ್ಪ ಇಲ್ಲದ ಹುಡುಗಿ, ದಿಂಬೂ ಮೆತ್ತಗಾದ್ರೆ ಆ ಮನೇಲಿ ಅವಳನ್ನ ಯಾರೂ ಲೆಕ್ಕಕ್ಕೆ ಇಡಲ್ಲ ಅಂದ್ಲು ನಿಮ್ಮಮ್ಮ. ನಾನೇ ಚೀಲದ ಬಾಯಿ ಅಗಲಿಸಿ ಹಿಡಿದಿದ್ದು, ಅವಳು ತನ್ನ ದಿಂಬು ಒಳಗೆ ತುರುಕಿದ್ಲು. ಸುತ್ತ ತುಪ್ಪುಳು ತುಂಬಿದ್ಲು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ್ಲು."

"ಆಮೇಲೆ ಬೇರೆ ಮಾಡ್ಕೋಬಹುದಿತ್ತಲ್ಲ ಚಿಕ್ಕಮ್ಮ. ಹತ್ತೊಂಬತ್ತು ವರ್ಷ."

"ಮಾಡ್ಕೋತೀನಿ ಅಂತಲೇ ಇದ್ಲು. ಮೊದಲ್ನೇ ವರ್ಷದ ಗರಿ ನಿನ್ನ ಮದ್ಲೆನಾ ತೊಟ್ಟಿಲಿಗೆ ಬಂತು, ಜ್ಞಾಪಕ ಇದ್ಯಾ? ಮರುವರ್ಷದ್ದು ನನ್ನ ಸೊಸೆಗೆ. ಆಮೇಲೆ ಬಾತು ಸಾಕೋದನ್ನೇ ಬಿಟ್ಲು, ಕಾಲು ನೋವು. ಹೊಟ್ಟು ಅಭ್ಯಾಸ ಆಯ್ತು ಅಂದ್ಲು. ಅಭ್ಯಾಸ ಏನಾಗುತ್ತೆ ಮಣ್ಣು, ಚಳಿಗಾಲದಲ್ಲಿ ಅದು ಕಲ್ಲು."

ವೋರ್ಷಾ ಆ ಸಣ್ಣ ದಿಂಬನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕಣ್ಣೆದುರಿಗೆ ಬಂದದ್ದು ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬ. ಉದ್ದನೆಯ ಮೇಜು, ಬಂಧುಗಳೆಲ್ಲ, ಊಟ ಮುಗಿದು ಕೇಕಿಗೆ ಕಾಯುವ ಹೊತ್ತು. ವೋರ್ಷಾ ಎದ್ದು ನಿಂತು ಕುದುರೆ ಮೇವಿನ ಕತೆ ಹೇಳಿದ್ದಳು. ಹೊಟ್ಟಿನ ಮೇಲೆ ಹೊರಳುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಮ್ಮನೂ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ನಕ್ಕಿದ್ದಳು. "ಹೌದಪ್ಪಾ, ನಾನು ಕುದುರೇನೇ" ಅಂದಿದ್ದಳು. ಅದಾಗಿ ವರ್ಷ ತುಂಬುವ ಮೊದಲೇ ಹೋಗಿಬಿಟ್ಟಳು. ಹೋದ ಮೇಲೆ ಆ ಹೊಟ್ಟಿನ ಚೀಲವನ್ನು ವೋರ್ಷಾ ತನ್ನ ಕೈಯಾರೆ ಕೋಳಿಗೂಡಿಗೆ ಸುರಿದಿದ್ದಳು.

ಅವಳು ಗಟ್ಟಿಯಾಗಿ ಅತ್ತಳು. ಗರಿಯ ಮುಂದೆ ಅಳಬಾರದೆಂಬ ನಿಯಮ ಇರಲಿಲ್ಲ. ಚಿಕ್ಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ನಗಿಸಿದ್ದಕ್ಕೆ ನೊಂದುಕೊಳ್ಳಬೇಡ, ಅವಳಿಗೆ ಆ ಕತೆ ಕೇಳುವಾಗೆಲ್ಲ ತನ್ನ ಗುಟ್ಟು ಉಳಿಯಿತೆಂಬ ಸಮಾಧಾನವೇ ಇರುತ್ತಿತ್ತು ಎಂದಳು. ಅದು ನಿಜವೋ ಬಾಯಿಮಾತಿನ ಸಮಾಧಾನವೋ ದೇವರಿಗೇ ಗೊತ್ತು. ಆಚೆ ಬಾಗಿಲ ಬಳಿ ಮೆರ್ಚಿನ್ ಏನಾಯಿತೆಂದು ಕೇಳಿದ. ಕಾಫಿಗೆ ನೀರಿಡಪ್ಪ, ಆಮೇಲೆ ಹೇಳ್ತೀವಿ ಎಂದು ಚಿಕ್ಕಮ್ಮ ಅವನನ್ನು ಕಳಿಸಿದಳು.

ಆ ಸಣ್ಣ ದಿಂಬನ್ನು ಮಂಚದ ಮೇಲಿಟ್ಟು ಚಿಕ್ಕಮ್ಮನೇ ಅವಳನ್ನು ಮಗ್ಗುಲಾಗಿ ಮಲಗಿಸಿದಳು. ಅಂಗಡಿಯ ಟೇಪು ಅಳೆದ ಸಂದನ್ನು ಅದು ತಾನಾಗಿ ತುಂಬಿತು. ಕಿವಿಯ ಕೆಳಗೆ ಮೆತ್ತಗೆ, ಕತ್ತಿನ ಕೆಳಗೆ ಸ್ವಲ್ಪ ಗಟ್ಟಿ. ತಾಯಿಗೂ ಮಗಳಿಗೂ ಹೆಗಲಿನ ಅಗಲ ಒಂದೇ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಊರೆಲ್ಲ ಅಲೆಯುವುದೂ ಹೊಸದಲ್ಲ.

ಒಂದೇ ದಿನಕ್ಕೆ ನೋವು ಓಡಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮದ್ಲೆನಾ ಬಂದು ಮೂಗು ಮುರಿದು, ಆ ಹಳೇ ಗರಿಗಳನ್ನೆಲ್ಲ ಪಟ್ಟಣಕ್ಕೆ ಒಯ್ದು ಹಬೆಯಲ್ಲಿ ತೊಳೆಸಿಕೊಂಡು ಬಂದಳು. ವೋರ್ಷಾ ಹೊಸ ಬಟ್ಟೆ ಹೊಲಿದಳು, ಹಳೇ ಬಟ್ಟೆಯ ಅಕ್ಷರವಿದ್ದ ಮೂಲೆಯನ್ನು ಮಾತ್ರ ಕತ್ತರಿಸಿ ಅದಕ್ಕೆ ಸೇರಿಸಿದಳು. ವ್ಯಾಯಾಮದ ಹುಡುಗಿ ಹೇಳಿದ ಹಾಗೆ ದಿನಕ್ಕೆರಡು ಸಲ ಗೋಡೆಗೆ ಬೆನ್ನು ಕೊಟ್ಟು ಕೈ ಎತ್ತಿ ಇಳಿಸಿದಳು. ಎರಡನೆಯ ವಾರದ ಒಂದು ಬೆಳಗ್ಗೆ, ಅಂಗಳದಲ್ಲಿ ಕೋಳಿಗಳ ಗಲಾಟೆ ಕೇಳಿ ಸಹಜವಾಗಿ ಕಿಟಕಿಯತ್ತ ತಿರುಗಿದಳು. ಅರ್ಧ ನಿಮಿಷದ ಮೇಲೆ ತಾನು ತಿರುಗಿಸಿದ್ದು ಕತ್ತನ್ನು ಮಾತ್ರ ಎಂದು ಅರಿವಾಯಿತು. ಆವತ್ತಿನಿಂದ ದಿನಕ್ಕೊಂದು ಗಂಟೆ, ಆಮೇಲೆ ಎರಡು ಗಂಟೆ ಮೊಟ್ಟೆಗೆ ಕೂತಳು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಆರನೆಯದು ಮುಗಿಯಿತು. ತೋಳನ ಹಲ್ಲು ಒಂದಕ್ಕೊಂದು ಅಂಟಿದ ಹಾಗೆ ನೇರ ಸಾಲು.

ಈಸ್ಟರ್ ದಿನ ಏಸು ಎದ್ದುಬಂದ ಸುದ್ದಿ ಸಾರುವ ಕುದುರೆ ಸವಾರರ ಮೆರವಣಿಗೆ ಊರು ದಾಟಿದ ಮೇಲೆ ಲುಬಿನಾ ಬಂದಳು. ಕೊನೆಯ ವರ್ಷವೆಂದು ಜಡೆಗೆ ಹೊಸ ರಿಬ್ಬನ್ ಕಟ್ಟಿದ್ದಳು. ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು, ತೋಳನ ಹಲ್ಲಿನ ಸಾಲನ್ನು ಬೆರಳಿನಿಂದ ಒಂದು ಸುತ್ತು ಸವರಿದಳು, ಅದೇ ವೋರ್ಷಾಗೆ ಸಾಕಾಯಿತು. ಹೆಣೆದ ಬನ್ನು, ಜೇನಿನ ಬಿಸ್ಕತ್ತು ಎಲ್ಲ ಮೇಜಿನ ಮೇಲೆ ಬಂತು. ಲುಬಿನಾ ಬಾಯಿ ತುಂಬ ಬನ್ನು ಇಟ್ಟುಕೊಂಡು ಪ್ರತಿ ವರ್ಷದಂತೆ ಕೇಳಿದಳು.

"ಅತ್ತೆ, ನಿಮ್ಮಮ್ಮನ ಕುದುರೆ ಮೇವಿನ ಕತೆ ಹೇಳಿ."

ಮೆರ್ಚಿನ್ ಹೆಂಡತಿಯ ಮುಖ ನೋಡಿದ. ವೋರ್ಷಾ ಎದ್ದು ಒಳಗೆ ಹೋಗಿ, ಕೆಂಪು ಗೆರೆಯ ಬಟ್ಟೆಯಲ್ಲಿ ಹೊಲಿದ ಒಂದು ಹೊಸ ತೆಳು ದಿಂಬು ತಂದು ಹುಡುಗಿಯ ಮಡಿಲಲ್ಲಿಟ್ಟಳು. ಮದುವೆ ದಿಂಬಿನೊಳಗೆ ಅಮ್ಮನ ದಿಂಬಿನ ಸುತ್ತ ತುಂಬಿದ್ದ ಆ ಬಿಳಿ ತುಪ್ಪುಳಿನದು. ಲುಬಿನಾ ಅದನ್ನು ಕೆನ್ನೆಗೆ ಒತ್ತಿಕೊಂಡಳು. ವೋರ್ಷಾ ಅವಳ ಎದುರು ಕೂತು ಕತೆಯನ್ನು ಮೊದಲಿನಿಂದ ಹೇಳಿದಳು, ರೋಗ ಬಂದ ಬಾತುಗಳಿಂದ ಶುರುಮಾಡಿ. ಈ ಸಲ ಯಾರೂ ನಗಲಿಲ್ಲ. ಲುಬಿನಾ ಬನ್ನು ಜಗಿಯುವುದನ್ನೂ ಮರೆತು ಕೇಳಿದಳು.

ಕೊನೆಗೆ ದಿಂಬನ್ನು ಹಿಂದುಮುಂದು ತಿರುಗಿಸಿ ನೋಡುತ್ತಾ, ಇದನ್ನೂ ಬಿಚ್ಚಬಾರದಾ ಎಂದು ಕೇಳಿದಳು.

"ನಿನಗೆ ಯಾವಾಗ ಬೇಕಾದ್ರೂ ಬಿಚ್ಚು ಮಗಳೇ" ಎಂದಳು ವೋರ್ಷಾ. "ಒಳಗೆ ಬರೀ ಗರಿ ಇದೆ. ನಾನು ಮಲಗೋ ದಿಂಬು ನನ್ನ ಹತ್ರಾನೇ ಇದೆ."